ಮೀನಿನ ತೊಟ್ಟಿಯ ಎಲ್‌ಇಡಿ ದೀಪ: ಡ್ರೈವರ್ ಮತ್ತು ತಂಪುಗೊಳಿಸುವಿಕೆಯ ಆಯ್ಕೆ

ವಿಜ್ಞಾನ ಕೊಠಡಿಯಲ್ಲೊಂದು ಮೀನಿನ ತೊಟ್ಟಿಯಿದ್ದರೆ ಆಹಾರ ಸರಪಳಿ, ಉಸಿರಾಟ, ದ್ಯುತಿಸಂಶ್ಲೇಷಣೆ ಮೊದಲಾದ ಪಾಠಗಳಿಗೆ ಅದು ವರ್ಷವಿಡೀ ನೆರವಾಗುತ್ತದೆ. ತೊಟ್ಟಿಯಲ್ಲಿನ ಹೈಡ್ರಿಲ್ಲಾ ಸಸ್ಯಕ್ಕೆ ಬೆಳಕು ಬೇಕು. ಆ ಬೆಳಕನ್ನು ನೀಡುವ ಎಲ್‌ಇಡಿ ದೀಪವನ್ನು ಶಿಕ್ಷಕರೇ ತಯಾರಿಸಿದಲ್ಲಿ, ಹತ್ತನೆಯ ತರಗತಿಯ ವಿದ್ಯುತ್ ಪಾಠಕ್ಕೂ ಅದೇ ಉಪಕರಣವಾಗುತ್ತದೆ. ಆದರೆ ನೀರಿನ ಮೇಲೆ ತೂಗುವ ದೀಪದಲ್ಲಿ ಎರಡು ನಿರ್ಣಯಗಳನ್ನು ಬೆಸುಗೆಗೆ ಮೊದಲೇ ಲೆಕ್ಕಮಾಡಿ ಕೈಗೊಳ್ಳಬೇಕು. ಒಂದು, ಪ್ರವಾಹವನ್ನು ಯಾವುದು ನಿಯಂತ್ರಿಸುತ್ತದೆ. ಇನ್ನೊಂದು, ಶಾಖವು ಎಲ್ಲಿಗೆ ಹೋಗುತ್ತದೆ.

ಡ್ರೈವರ್ ಏಕೆ ಬೇಕು?

ಡ್ರೈವರ್ ಎಂದೊಡನೆ ಮಕ್ಕಳಿಗೆ ಬಸ್ಸಿನ ಚಾಲಕ ನೆನಪಾಗುವುದು ಸಹಜ. ಇಲ್ಲಿ ಆ ಪದಕ್ಕೆ ಎಲ್‌ಇಡಿಗೆ ನಿಗದಿತ ಪ್ರವಾಹವನ್ನಷ್ಟೇ ಒದಗಿಸುವ ವಿದ್ಯುತ್ ಸಾಧನ ಎಂದರ್ಥ. ಸಾಮಾನ್ಯ ರೋಧಕದಲ್ಲಿ ವಿಭವಾಂತರ ಹೆಚ್ಚಿದಂತೆ ಪ್ರವಾಹವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಎಲ್‌ಇಡಿ ಓಮನ ನಿಯಮವನ್ನು ಪಾಲಿಸುವುದಿಲ್ಲ. ವಿಭವಾಂತರ ತುಸು ಏರಿದರೂ ಪ್ರವಾಹ ಬಹಳಷ್ಟು ಏರುತ್ತದೆ. ಬಿಸಿಯಾದಂತೆ ಅದಕ್ಕೆ ಬೇಕಾದ ವಿಭವಾಂತರ ಕುಗ್ಗುತ್ತದೆ. ಆಗ ಅದೇ ವೋಲ್ಟೇಜಿನಲ್ಲಿ ಮತ್ತಷ್ಟು ಪ್ರವಾಹ ಹರಿದು ಮತ್ತಷ್ಟು ಬಿಸಿಯಾಗುತ್ತದೆ. ಈ ಸರಣಿಯ ಕೊನೆ ಎಲ್‌ಇಡಿಯ ನಾಶ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. 1 ವ್ಯಾಟಿನ ಬಿಳಿ ಎಲ್‌ಇಡಿಗೆ ಸುಮಾರು 3.2 ವೋಲ್ಟ್ ಬೇಕು. ಮೂರನ್ನು ಸರಣಿಯಲ್ಲಿ ಜೋಡಿಸಿದರೆ 9.6 ವೋಲ್ಟ್. 12 ವೋಲ್ಟ್ ಆಕರದಿಂದ 300 ಮಿಲಿಆಂಪಿಯರ್ ಪಡೆಯಲು ಉಳಿದ 2.4 ವೋಲ್ಟಿಗೆ 8 ಓಮ್ ರೋಧಕ ಸಾಕು. ಆದರೆ ಆ ಆಕರ ಚಾರ್ಜ್ ಆಗುತ್ತಿರುವ ಬ್ಯಾಟರಿಯಾಗಿದ್ದು 13.8 ವೋಲ್ಟಿಗೆ ಏರಿತೆನ್ನೋಣ. ಆಗ ರೋಧಕದ ಪಾಲು 4.2 ವೋಲ್ಟ್, ಪ್ರವಾಹ 525 ಮಿಲಿಆಂಪಿಯರ್. ಎಲ್‌ಇಡಿಯ ವೋಲ್ಟೇಜೂ ಕೊಂಚ ಏರುವುದರಿಂದ ವಾಸ್ತವ ಮೌಲ್ಯ ಇದಕ್ಕಿಂತ ಸ್ವಲ್ಪ ಕಡಿಮೆಯಿದ್ದೀತು. ಆದರೂ ವೋಲ್ಟೇಜ್ ನೂರಕ್ಕೆ 15ರಷ್ಟು ಏರಿದಾಗ ಪ್ರವಾಹ ಒಂದೂವರೆ ಪಟ್ಟನ್ನು ಮೀರುತ್ತದೆ. ಸ್ಥಿರ ಪ್ರವಾಹದ ಡ್ರೈವರ್ ಇದಕ್ಕೆ ಅವಕಾಶ ಕೊಡುವುದಿಲ್ಲ.

ಡ್ರೈವರಿನ ಆಯ್ಕೆ

60 ಸೆಂಟಿಮೀಟರ್ ಉದ್ದದ ತೊಟ್ಟಿಗೆ 1 ವ್ಯಾಟಿನ ಒಂಬತ್ತು ಎಲ್‌ಇಡಿಗಳನ್ನು ತೆಗೆದುಕೊಳ್ಳೋಣ. ಸರಣಿಯಲ್ಲಿ ಅವುಗಳಿಗೆ ಬೇಕಾದುದು 28.8 ವೋಲ್ಟ್, 300 ಮಿಲಿಆಂಪಿಯರ್ ಪ್ರವಾಹದಲ್ಲಿ ಸಾಮರ್ಥ್ಯ ಸುಮಾರು 8.6 ವ್ಯಾಟ್. ಆದ್ದರಿಂದ 24ರಿಂದ 42 ವೋಲ್ಟ್, 300 ಮಿಲಿಆಂಪಿಯರ್ ಎಂದು ಮುದ್ರಿತವಾದ ಡ್ರೈವರ್ ಸರಿಹೊಂದುತ್ತದೆ. ಆರೇ ಎಲ್‌ಇಡಿ ಜೋಡಿಸಿದರೆ ಮೊತ್ತ 19.2 ವೋಲ್ಟ್, ಹದಿನಾಲ್ಕು ಜೋಡಿಸಿದರೆ 44.8 ವೋಲ್ಟ್, ಎರಡೂ ಆ ಮಿತಿಯ ಹೊರಗೆ ಬೀಳುವುದರಿಂದ ದೀಪ ಮಿಣುಕಬಹುದು, ಮಂಕಾಗಬಹುದು ಅಥವಾ ಉರಿಯದಿರಬಹುದು.

ಇದಕ್ಕಿಂತ ಮುಖ್ಯವಾದುದು ಸುರಕ್ಷತೆ. ಅಗ್ಗದ ಅನೇಕ ಡ್ರೈವರುಗಳಲ್ಲಿ ಔಟ್‌ಪುಟ್ ತಂತಿಯು 230 ವೋಲ್ಟಿನ ಮುಖ್ಯ ಲೈನಿನಿಂದ ಬೇರ್ಪಟ್ಟಿರುವುದಿಲ್ಲ. ಔಟ್‌ಪುಟ್ 30 ವೋಲ್ಟೆಂದು ಬರೆದಿದ್ದರೂ ಅದನ್ನು ಮುಟ್ಟಿದವರಿಗೆ ಮುಖ್ಯ ಲೈನಿನ ಆಘಾತವೇ ತಗುಲಬಹುದು. ನೀರು ಮತ್ತು ಮಕ್ಕಳ ಕೈ ಎರಡೂ ಸಮೀಪವಿರುವ ಈ ದೀಪಕ್ಕೆ ಅಂಥದನ್ನು ಬಳಸಲೇಬಾರದು. ಒಳಗೆ ಟ್ರಾನ್ಸ್‌ಫಾರ್ಮರಿನಿಂದ ಪ್ರತ್ಯೇಕಿಸಿದ, ಎಸ್‌ಇಎಲ್‌ವಿ ಎಂಬ ಗುರುತುಳ್ಳ, 60 ವೋಲ್ಟಿಗಿಂತ ಕಡಿಮೆ ನೇರ ವಿದ್ಯುತ್ತಿನ ಡ್ರೈವರನ್ನೇ ಆರಿಸಬೇಕು. ಡ್ರೈವರನ್ನು ತೊಟ್ಟಿಯಿಂದ ದೂರದಲ್ಲಿ ಗೋಡೆಗೆ ಅಳವಡಿಸಿ, ಅದಕ್ಕೆ ಹೋಗುವ ತಂತಿ ಒಮ್ಮೆ ಕೆಳಗಿಳಿದು ಮತ್ತೆ ಮೇಲೇರುವಂತೆ ಬಿಡಬೇಕು. ತಂತಿಯಗುಂಟ ಇಳಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಮುಖ್ಯ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರತಕ್ಕದ್ದು.

ಶಾಖದ ಲೆಕ್ಕ

ಎಲ್‌ಇಡಿ ಬಿಸಿಯಾಗುವುದಿಲ್ಲವೆಂಬುದು ತಪ್ಪು ಕಲ್ಪನೆ. ಅದು ಪಡೆದ ಶಕ್ತಿಯ ಸುಮಾರು ಮೂರನೆಯ ಎರಡು ಭಾಗ ಶಾಖವಾಗುತ್ತದೆ. ನಮ್ಮ ದೀಪದಲ್ಲಿ ಅದು ಸುಮಾರು 6 ವ್ಯಾಟ್. ಬಶೀರಾಬಾದ್, ತಾಂಡೂರು ಕಡೆಯ ಬೇಸಿಗೆಯಲ್ಲಿ ಗಾಳಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ, ತಂಪು ನಾಡಿನ ಪುಸ್ತಕಗಳ ಲೆಕ್ಕ ಇಲ್ಲಿಗೆ ಹೊಂದದು. 42 ಡಿಗ್ರಿಯಿಂದಲೇ ಆರಂಭಿಸಬೇಕು.

ಎಲ್‌ಇಡಿಗಳನ್ನು 60 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಕೂರಿಸಿದರೆ ಅದರ ಎರಡೂ ಮೈ ಸೇರಿ 0.06 ಚದರ ಮೀಟರ್. ನಿಶ್ಚಲ ಗಾಳಿಯಲ್ಲಿ 1 ಚದರ ಮೀಟರ್ ಮೈಯು ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸ್ಥೂಲವಾಗಿ 6 ವ್ಯಾಟ್ ಶಾಖವನ್ನು ಬಿಡುತ್ತದೆಂದು ಹಿಡಿದರೆ, ಈ ಪಟ್ಟಿ ಪ್ರತಿ ಡಿಗ್ರಿಗೆ 0.36 ವ್ಯಾಟ್ ಬಿಡುತ್ತದೆ. 6 ವ್ಯಾಟ್ ಬಿಡಲು ಅದು ಗಾಳಿಗಿಂತ ಸುಮಾರು 17 ಡಿಗ್ರಿ ಹೆಚ್ಚು, ಅಂದರೆ 59 ಡಿಗ್ರಿಗೆ ಏರಬೇಕು. ಇದು ಎಲ್‌ಇಡಿಗೆ ಸಹ್ಯ. ಅದೇ ಪಟ್ಟಿಯನ್ನು ಮರದ ಮುಚ್ಚಳಕ್ಕೆ ಅಂಟಿಸಿ ಒಂದು ಮೈಯನ್ನು ಮುಚ್ಚಿದರೆ ಏರಿಕೆ ಇಮ್ಮಡಿಸಿ ಉಷ್ಣತೆ 75 ಡಿಗ್ರಿ ಮುಟ್ಟುತ್ತದೆ. ಆದ್ದರಿಂದ ಪಟ್ಟಿಯ ಮೇಲ್ಮೈ ಗಾಳಿಗೆ ತೆರೆದಿರಲಿ. ಎಲ್‌ಇಡಿ ಮತ್ತು ಪಟ್ಟಿಯ ನಡುವೆ ಶಾಖವಾಹಕ ಲೇಪವನ್ನು ತೆಳುವಾಗಿ ಮಾತ್ರ ಹಚ್ಚಬೇಕು. ದಪ್ಪವಾದರೆ ಅದೇ ತಡೆಯಾಗುತ್ತದೆ.

ತಾಂಡೂರಿನ ನೀಲಿ ಬಂಡೆ ಮುಟ್ಟಿದರೆ ತಣ್ಣಗಿರುತ್ತದೆ, ಅದನ್ನೇ ಏಕೆ ಬಳಸಬಾರದೆಂದು ಮಕ್ಕಳು ಕೇಳಬಹುದು. ಸುಣ್ಣಕಲ್ಲಿಗಿಂತ ಅಲ್ಯೂಮಿನಿಯಂ ಸುಮಾರು ನೂರು ಪಟ್ಟು ಉತ್ತಮ ಶಾಖವಾಹಕ. ಕಲ್ಲಿನಲ್ಲಿ ಶಾಖ ಎಲ್‌ಇಡಿಯ ಕೆಳಗೇ ನಿಂತುಬಿಡುತ್ತದೆ. ಬಂಡೆ ತೊಟ್ಟಿಯ ಪೀಠಕ್ಕೆ ಯೋಗ್ಯ, ದೀಪಕ್ಕಲ್ಲ.

ದೊಡ್ಡ ದೀಪಗಳಿಗೆ ಫ್ಯಾನ್ ಅಳವಡಿಸುವ ರೂಢಿಯಿದೆ. ಆದರೆ ಕಲ್ಲು ಕೊಯ್ಯುವ, ಹೊಳಪು ಕೊಡುವ ಘಟಕಗಳ ಧೂಳಿರುವಲ್ಲಿ ಫ್ಯಾನ್ ಬೇಗ ಕಟ್ಟಿಕೊಳ್ಳುತ್ತದೆ. ಅದು ನಿಂತದ್ದು ಯಾರ ಗಮನಕ್ಕೂ ಬರುವುದಿಲ್ಲ. ಶಾಲೆಯ ಸಣ್ಣ ದೀಪಕ್ಕೆ ಅಗಲವಾದ ಲೋಹದ ಮೈಯೇ ಲೇಸು. ಡ್ರೈವರನ್ನೂ ಬಿಸಿ ಪಟ್ಟಿಯ ಮೇಲೆ ಇಡಬಾರದು. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧವಾಗುತ್ತದೆ.

ಮೀನುಗಳ ದೃಷ್ಟಿಯಿಂದಲೂ ಶಾಖ ಅಲಕ್ಷ್ಯವಲ್ಲ. 20 ಡಿಗ್ರಿಯ ಸಿಹಿನೀರು ಪ್ರತಿ ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು 7.6 ಮಿಲಿಗ್ರಾಂ ಮಾತ್ರ. ದೀಪವನ್ನು ನೀರಿನಿಂದ ಎತ್ತರಿಸಿ, ದಿನಕ್ಕೆ ಎಂಟು ಗಂಟೆ ಉರಿಸಿದರೆ ಸಾಕು.

ತರಗತಿಯಲ್ಲಿ

ಶಿಕ್ಷಕರು ಮೇಲಿನ ಲೆಕ್ಕಗಳನ್ನು ಹೇಳಿಕೊಡುವ ಬದಲು ಮಕ್ಕಳಿಂದಲೇ ಮಾಡಿಸುವುದು ಉತ್ತಮ. ಗಡಿಭಾಗದ ಮಕ್ಕಳು ಹೊರಗೆ ತೆಲುಗಿನ ‘ನಿರೋಧಂ’ ಎಂಬ ಪದವನ್ನು ಕೇಳಿರುತ್ತಾರೆ. ಕನ್ನಡದ ‘ರೋಧ’ ಅದೇ ಪರಿಮಾಣವೆಂದು ಮೊದಲೇ ತಿಳಿಸಿದರೆ ಗೊಂದಲ ತಪ್ಪುತ್ತದೆ. ಅನಂತರ ಕೆಳಗಿನವನ್ನು ಮಾಡಿಸಬಹುದು.

1. ಒಂದೇ ಅಳತೆಯ ಅಲ್ಯೂಮಿನಿಯಂ ಮತ್ತು ಬಂಡೆಯ ಪಟ್ಟಿಗಳ ಒಂದು ತುದಿಯನ್ನು ಬಿಸಿನೀರಿನಲ್ಲಿ ಇರಿಸಿ, ಇನ್ನೊಂದು ತುದಿಯ ಉಷ್ಣತೆಯನ್ನು ಐದು ನಿಮಿಷಕ್ಕೊಮ್ಮೆ ದಾಖಲಿಸಲಿ.

2. ದೀಪ ಉರಿದು ಒಂದು ಗಂಟೆಯ ತರುವಾಯ ಪಟ್ಟಿಯ ಉಷ್ಣತೆಯನ್ನು ಉಷ್ಣತಾಮಾಪಕದಿಂದ ಅಳೆದು, ಲೆಕ್ಕದ ಉತ್ತರದೊಡನೆ ಹೋಲಿಸಲಿ. ಕೈಯಿಂದ ಮುಟ್ಟಿ ನೋಡಬಾರದು.

3. ಡ್ರೈವರಿನ ನಷ್ಟ ಸೇರಿ ದೀಪಕ್ಕೆ 10 ವ್ಯಾಟ್ ಬೇಕಾದರೆ, ದಿನಕ್ಕೆ ಎಂಟು ಗಂಟೆಯಂತೆ 30 ದಿನಗಳಿಗೆ ಎಷ್ಟು ಯೂನಿಟ್? ಉತ್ತರ: 2.4.

ಅಳತೆಗೂ ಲೆಕ್ಕಕ್ಕೂ ವ್ಯತ್ಯಾಸ ಬಂದಲ್ಲಿ ಕಾರಣವನ್ನು ಮಕ್ಕಳೇ ಹುಡುಕಲಿ. ಕಿಟಕಿಯ ಗಾಳಿ, ಪಟ್ಟಿಯ ಮೇಲಿನ ಧೂಳು, ದಪ್ಪವಾದ ಲೇಪ ಇವುಗಳಲ್ಲಿ ಒಂದು ಸಾಮಾನ್ಯವಾಗಿ ಅಲ್ಲಿರುತ್ತದೆ. ಮುಖ್ಯ ಲೈನಿನ ಜೋಡಣೆಯನ್ನು ಮಾತ್ರ ಯಾವ ಸಂದರ್ಭದಲ್ಲೂ ಮಕ್ಕಳಿಗೆ ಬಿಡದೆ, ಅರ್ಹ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸತಕ್ಕದ್ದು.