ಇಳಿಸಿದ ಭಾವಚಿತ್ರ

ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ವಾರ್ಷಿಕೋತ್ಸವದ ನಿಮಿತ್ತ ಹೋಗಿದ್ದೆನು. ಕಾರ್ಯಕ್ರಮಕ್ಕೆ ಮುನ್ನ ಮುಖ್ಯಾಧ್ಯಾಪಕರು ನನ್ನನ್ನು ತಮ್ಮ ಕೊಠಡಿಗೆ ಕರೆದೊಯ್ದು, ಮೇಜಿನ ಮೇಲಿದ್ದ ಕಟ್ಟು ಹಾಕಿದ ಚಿತ್ರವೊಂದನ್ನು ತೋರಿಸಿದರು. ಹಳೆಯ ಕಪಾಟನ್ನು ಶುಚಿಗೊಳಿಸುವಾಗ ಪತ್ರಿಕೆಯಲ್ಲಿ ಸುತ್ತಿಟ್ಟ ಸ್ಥಿತಿಯಲ್ಲಿ ಅದು ದೊರೆಯಿತಂತೆ. ಓಟಗಾರ್ತಿ ಅಶ್ವಿನಿ ಅಕ್ಕುಂಜಿಯವರ ಭಾವಚಿತ್ರ. 2010ರಲ್ಲಿ ಸಂಭ್ರಮದಿಂದ ಗೋಡೆಗೆ ಏರಿದ್ದು, ಮರುವರ್ಷವೇ ಸದ್ದಿಲ್ಲದೆ ಇಳಿದಿತ್ತು.

“ಮಕ್ಕಳು ಮತ್ತೆ ತೂಗುಹಾಕಿ ಎನ್ನುತ್ತಾರೆ, ಪಾಲಕರಲ್ಲಿ ಕೆಲವರು ಬೇಡವೆನ್ನುತ್ತಾರೆ. ತಾವೇನು ಹೇಳುತ್ತೀರಿ, ಶಾಸ್ತ್ರಿಗಳೇ?” ಎಂದರು. ಬಾಗಿಲಲ್ಲಿ ನಿಂತಿದ್ದ ಏಳನೆಯ ತರಗತಿಯ ಹುಡುಗಿಯೊಬ್ಬಳು ನಡುವೆ ಬಾಯಿಹಾಕಿದಳು: “ಆಮೇಲೆ ತಪ್ಪಾದರೆ ಮೊದಲು ಓಡಿದ್ದೂ ಸುಳ್ಳಾಗುತ್ತದೆಯೇ, ಅಜ್ಜಾ?” ವಯಸ್ಸು ಅರವತ್ತು ದಾಟಿದ್ದರೂ ಅವಳಿಗೆ ಒಡನೆಯೇ ಉತ್ತರ ಹೇಳಲು ನನ್ನಿಂದ ಆಗಲಿಲ್ಲ.

ನಮ್ಮವರಲ್ಲಿ ಅನೇಕರು ಅಶ್ವಿನಿಯವರನ್ನು ಇದೇ ಸಿದ್ದಾಪುರದವರೆಂದು ಭಾವಿಸಿ ಹೆಮ್ಮೆಪಟ್ಟದ್ದುಂಟು. ಅವರದು ಘಟ್ಟದ ಕೆಳಗಿನ, ಉಡುಪಿ ಜಿಲ್ಲೆಯ ಸಿದ್ದಾಪುರ. ಕೀರ್ತಿ ಬಂದಾಗ ಊರಿನ ಹೆಸರಿನ ಗೊಂದಲವೂ ಹಿತವೆನಿಸುತ್ತದೆ. ಅಪಕೀರ್ತಿ ಬಂದೊಡನೆ “ಆಕೆ ನಮ್ಮ ಸಿದ್ದಾಪುರದವಳಲ್ಲ” ಎಂಬ ಭೂಗೋಳಜ್ಞಾನ ನಮಗೆ ಥಟ್ಟನೆ ಉಂಟಾಯಿತು.

2010ರ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ 4x400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. ನವೆಂಬರಿನಲ್ಲಿ ಚೀನದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ರಿಲೇ ಚಿನ್ನದೊಂದಿಗೆ 400 ಮೀಟರ್ ಹರ್ಡಲ್ಸ್ ಚಿನ್ನವೂ ಅವರದಾಯಿತು. ಹತ್ತು ತಡೆಗಳನ್ನು ಹಾರಿ ಅವರು ಗುರಿ ಮುಟ್ಟಿದ್ದು 56.15 ಸೆಕೆಂಡುಗಳಲ್ಲಿ. 2011ರಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಅವರೂ ಅವರ ಕೆಲವು ಸಂಗಾತಿಗಳೂ ಸಿಕ್ಕಿಬಿದ್ದರು. ತರಬೇತುದಾರರು ಕೊಟ್ಟ ಜಿನ್ಸೆಂಗ್ ಗುಳಿಗೆಗಳಲ್ಲಿ ನಿಷಿದ್ಧ ದ್ರವ್ಯ ಬೆರೆತಿತ್ತೆಂಬುದು ಕ್ರೀಡಾಳುಗಳ ವಾದ. ಉಕ್ರೇನಿನ ತರಬೇತುದಾರ ಯೂರಿ ಒಗೊರೊದ್ನಿಕ್ ಅವರನ್ನು ಸರಕಾರ ಕೆಲಸದಿಂದ ತೆಗೆಯಿತು. ದೇಶದ ಶಿಸ್ತು ಸಮಿತಿ ಕ್ರೀಡಾಳುಗಳಿಗೆ ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಒಕ್ಕೂಟದ ಮೇಲ್ಮನವಿಯ ಮೇಲೆ ಕ್ರೀಡಾ ನ್ಯಾಯಮಂಡಳಿಯು 2012ರ ಜುಲೈನಲ್ಲಿ ಅದನ್ನು ಎರಡು ವರ್ಷಗಳಿಗೆ ಏರಿಸಿತು. ಲಂಡನ್ ಒಲಿಂಪಿಕ್ಸ್‌ನ ಬಾಗಿಲು ಮುಚ್ಚಿತು. 2010ರ ಪದಕಗಳನ್ನು ಮಾತ್ರ ಯಾರೂ ಹಿಂಪಡೆಯಲಿಲ್ಲ. ಅವಧಿ ಮುಗಿದ ಮೇಲೆ ಅವರು ಮತ್ತೆ ಓಟಕ್ಕಿಳಿದರು.

ಕ್ರೀಡೆಯ ಈ ನಿಯಮ ಕಠಿಣವಾದದ್ದು. ತನ್ನ ದೇಹವನ್ನು ಸೇರಿದ ವಸ್ತುವಿಗೆ ಕ್ರೀಡಾಳುವೇ ಹೊಣೆ. ತಿಳಿದು ಸೇವಿಸಿದೆನೋ ತಿಳಿಯದೆಯೋ ಎಂಬುದು ಶಿಕ್ಷೆಯ ಪ್ರಮಾಣಕ್ಕೆ ಸಂಬಂಧಿಸೀತು, ಹೊಣೆಯನ್ನು ತಪ್ಪಿಸದು. ಈ ಕಾಠಿಣ್ಯವನ್ನು ನಾನು ಆಕ್ಷೇಪಿಸಲಾರೆ, ಏಕೆಂದರೆ ಪಕ್ಕದ ಓಣಿಯಲ್ಲಿ ಬರಿಯ ಅನ್ನದ ಬಲದಿಂದ ಓಡುವ ಹುಡುಗಿಗೆ ಅದೊಂದೇ ರಕ್ಷೆ. ಆದರೆ ಗುಳಿಗೆ ಕೈಗಿತ್ತವನ ಮುಖವನ್ನು ನಾವು ಮರೆತೆವು, ಓಡಿದವಳ ಮುಖವನ್ನು ಮರೆಯಲಿಲ್ಲ. ಭಾವಚಿತ್ರವಿದ್ದವರಿಗೆ ಮಾತ್ರ ಅದನ್ನು ಇಳಿಸುವ ಶಿಕ್ಷೆ.

ಇಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ಕಣಕ್ಕೆ ಮರಳುವುದು ಒಂದು, ಕೀರ್ತಿಗೆ ಮರಳುವುದು ಇನ್ನೊಂದು. ವಿಧಿಸಿದ ಶಿಕ್ಷೆಯನ್ನು ಪೂರೈಸಿದವನಿಗೆ ಕಣಕ್ಕೆ ಮರಳುವ ಹಕ್ಕಿದೆ. ಅದನ್ನು ನಾವು ದಾನವಾಗಿ ಕೊಡಬೇಕಾಗಿಲ್ಲ. ಕೀರ್ತಿ ಮಾತ್ರ ಯಾರ ಹಕ್ಕೂ ಅಲ್ಲ. ಅದನ್ನು ಕೊಡುವ ಜನಸಮೂಹವೋ ಬಲು ಪಕ್ಷಪಾತಿ. ಮೋಸದಾಟದ ಆರೋಪದ ಮೇಲೆ ಮೊಹಮ್ಮದ್ ಅಜರುದ್ದೀನ್ ಅವರಿಗೆ 2000ದ ಡಿಸೆಂಬರಿನಲ್ಲಿ ಕ್ರಿಕೆಟ್ ಮಂಡಳಿ ಆಜೀವ ನಿಷೇಧ ವಿಧಿಸಿತು. ಆ ನಿಷೇಧ ಕಾನೂನುಬಾಹಿರವೆಂದು ಆಂಧ್ರಪ್ರದೇಶ ಹೈಕೋರ್ಟು ಹೇಳಿದ್ದು 2012ರಲ್ಲಿ. ಮೊರಾದಾಬಾದಿನ ಮತದಾರರು ಅವರನ್ನು ಲೋಕಸಭೆಗೆ ಕಳುಹಿಸಿದ್ದು 2009ರಲ್ಲಿಯೇ! ನ್ಯಾಯಾಲಯದ ಮಾತಿಗೆ ಜನ ಕಾಯಲಿಲ್ಲ. ಅಥ್ಲೀಟುಗಳಿಗೆ ಆ ಭಾಗ್ಯವಿಲ್ಲ.

ಇನ್ನು ಒಬ್ಬರ ಪ್ರಾಣಕ್ಕೋ ಮಾನಕ್ಕೋ ಹಾನಿ ಮಾಡಿ ಬಿದ್ದವರ ಪ್ರಶ್ನೆಯೇ ಬೇರೆ. ಅಲ್ಲಿ ಕ್ಷಮಿಸುವ ಅಧಿಕಾರ ನೊಂದವರದು. ಚಪ್ಪಾಳೆ ತಟ್ಟುವ ನಮಗೆ ಆ ಅಧಿಕಾರವನ್ನು ಯಾರೂ ಕೊಟ್ಟಿಲ್ಲ.

ಶರಣಚರಿತ್ರೆಯನ್ನು ಬಲ್ಲವರಿಗೆ ಕನ್ನದ ಮಾರಿತಂದೆಯ ಹೆಸರು ಪರಿಚಿತ. ಕನ್ನ ಕೊರೆಯುತ್ತಿದ್ದವರು ಶರಣರಾಗಿ ವಚನಕಾರರಾದರೆಂದು ಪರಂಪರೆ ಹೇಳುತ್ತದೆ. ಎಳೆಯವನಾಗಿ ಮಠದಲ್ಲಿ ಓದುವಾಗ ನನಗೊಂದು ಸಂಶಯವಿತ್ತು: ಕಳ್ಳತನ ಬಿಟ್ಟ ಮೇಲೂ ಹೆಸರಿನಲ್ಲಿ ಕನ್ನವನ್ನೇಕೆ ಉಳಿಸಿದರು? ಇದು ಅವಮಾನವಲ್ಲವೇ? ಈಗ ಹಾಗೆನಿಸುವುದಿಲ್ಲ. ಶರಣಸಮೂಹ ಅವರನ್ನು ಸ್ವೀಕರಿಸಿತು, ಹಿಂದಿನದನ್ನು ಅಳಿಸಲಿಲ್ಲ. ಅಳಿಸಿದ್ದರೆ ಅವರು ಕ್ರಮಿಸಿದ ದಾರಿ ಎಷ್ಟು ದೂರದ್ದೆಂದು ನಮಗೆ ತಿಳಿಯುತ್ತಲೇ ಇರಲಿಲ್ಲ. ಇಂದು ಬಿದ್ದ ತಾರೆಗಳು ಬಯಸುವುದು ಇದಕ್ಕೆ ವ್ಯತಿರಿಕ್ತವಾದುದನ್ನು: ಹಳೆಯದನ್ನು ಯಾರೂ ಎತ್ತಬಾರದು, ಹಾರ ಮಾತ್ರ ಮೊದಲಿನಂತೆಯೇ ಬೀಳಬೇಕು. ಅಂತಹ ಮರಳುವಿಕೆಗೆ ನನ್ನ ಸಮ್ಮತಿಯಿಲ್ಲ.

ಶಿರಸಿಗೆ ಹಿಂದಿರುಗುವ ಬಸ್ಸಿನಲ್ಲಿ ಮತ್ತೊಂದು ವಿಚಾರ ಕಾಡಿತು. ಬಿದ್ದವರೆಲ್ಲರೂ ತಪ್ಪು ಮಾಡಿಯೇ ಬಿದ್ದವರೇ? 1980ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯೊಂದರಡಿ ನಮ್ಮ ಜಿಲ್ಲೆಯ ಸಿದ್ದಿ ಜನಾಂಗದ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಯಲ್ಲಾಪುರ, ಹಳಿಯಾಳದ ಕಾಡಂಚಿನ ಮನೆಗಳ ಮಕ್ಕಳು ಬೂಟು ತೊಟ್ಟು ಓಡಿದರು, ಪದಕ ತಂದರು, ಪತ್ರಿಕೆಗಳಲ್ಲಿ ಬಂದರು. 1990ರ ದಶಕದ ಆರಂಭದಲ್ಲಿ ಆ ಯೋಜನೆಯನ್ನು ನಿಲ್ಲಿಸಲಾಯಿತು. ಹಲವರು ಕೂಲಿಗೆ, ಕಾಡಿನ ಕೆಲಸಕ್ಕೆ ಮರಳಿದರು. ಅವರ ರಕ್ತದಲ್ಲಿ ಯಾವ ಮದ್ದೂ ಇರಲಿಲ್ಲ, ಅವರನ್ನು ಯಾರೂ ನಿಷೇಧಿಸಲೂ ಇಲ್ಲ. ತಪ್ಪು ಮಾಡಿದವರ ಪುನರಾಗಮನವನ್ನು ಚರ್ಚಿಸಲು ನಮ್ಮಲ್ಲಿ ಇಷ್ಟೊಂದು ಪುರುಸೊತ್ತಿದೆ. ತಪ್ಪಿಲ್ಲದೆ ಮರೆಯಾದವರ ಹೆಸರನ್ನು ಕೇಳಿದರೆ ಶಿರಸಿಯ ಪೇಟೆಯಲ್ಲಿ ಹೇಳುವವರು ಎಷ್ಟು ಜನ?

ಮರುದಿನ ಮುಖ್ಯಾಧ್ಯಾಪಕರಿಗೆ ದೂರವಾಣಿಯಲ್ಲಿ ನನ್ನ ಅಭಿಪ್ರಾಯ ತಿಳಿಸಿದೆನು: ಚಿತ್ರವನ್ನು ಧಾರಾಳವಾಗಿ ತೂಗುಹಾಕಿರಿ. ಓಡಿದ್ದು ಸುಳ್ಳಲ್ಲವೆಂದು ಆ ಮಗುವಿಗೆ ಹೇಳಿರಿ. ಕೆಳಗೆ 2010ರ ಚಿನ್ನಗಳನ್ನೂ 2011ರ ಪರೀಕ್ಷೆಯನ್ನೂ ಎರಡು ವರ್ಷಗಳ ನಿಷೇಧವನ್ನೂ ಮತ್ತೆ ಓಟಕ್ಕಿಳಿದುದನ್ನೂ ಒಂದೇ ಅಳತೆಯ ಅಕ್ಷರಗಳಲ್ಲಿ ಬರೆಯಿಸಿರಿ. ನಿಷೇಧದ ಸಾಲಿಗೆ ಅವರು ಸ್ವಲ್ಪ ಹಿಂಜರಿದರು. ಬರೆದುಕೊಡಲು ಆ ಹುಡುಗಿಯೇ ಮುಂದೆ ಬಂದಳೆಂದು ವಾರದ ಬಳಿಕ ತಿಳಿಯಿತು.

ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆಯಿಸಿರೆಂದೂ, ಆ ಕಾಲದ ಸಿದ್ದಿ ಓಟಗಾರರೊಬ್ಬರ ಚಿತ್ರವನ್ನು ತಂದುಕೊಡುವೆನೆಂದೂ ಮಾತು ಕೊಟ್ಟಿದ್ದೇನೆ. ಯಲ್ಲಾಪುರದಲ್ಲಿ ಎರಡು ಬಾರಿ ವಿಚಾರಿಸಿ ಬಂದೆನು. ಚಿತ್ರ ಇನ್ನೂ ದೊರೆತಿಲ್ಲ.