ಕೆರೆ ಗೆಂಡೆಗೆ ಜಪಾನಿನ ಪಾಕ

ಜಪಾನಿನ ಮೀನಡುಗೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹಸಿ ಮೀನು. ತುಮಕೂರಿನ ಬಳಿಯ ವಸಂತನರಸಾಪುರದಲ್ಲಿ ಜಪಾನಿ ಕಂಪನಿಗಳಿಗೆಂದೇ ಕೈಗಾರಿಕಾ ಪಟ್ಟಣ ಕಟ್ಟುವ ಯೋಜನೆಯ ಸುದ್ದಿ ಬಂದದ್ದರಿಂದ ಆ ದೇಶದ ಹೆಸರು ಜಿಲ್ಲೆಗೆ ಹೊಸದಲ್ಲ. ಆದರೆ ಅಲ್ಲಿನ ಅಡುಗೆಯನ್ನು ಮನೆಯಲ್ಲಿ ಮಾಡಿ ನೋಡಹೊರಟವರಿಗೆ ಮೊದಲ ತೊಡಕು ಮೀನಿನದೇ. ಸಮುದ್ರ ಘಟ್ಟದಾಚೆ ಇದೆ. ಇಲ್ಲಿರುವುದು ಜನಪದ ಗೀತೆಯಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ಕೆರೆ, ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯ. ಇಂಥ ನೀರಿನ ಮೀನೆಂದರೆ ಕಾಟ್ಲಾ, ರೋಹು, ಗೆಂಡೆ.

ಇದು ಕೊರತೆಯೇನೂ ಅಲ್ಲ. ಜಪಾನೀಯರು ಕಡಲ ಮೀನನ್ನಷ್ಟೇ ತಿಂದು ಬದುಕಿದವರಲ್ಲ. ಕಡಲಿನಿಂದ ದೂರವಿರುವ ನಾಗಾನೊ ಪ್ರಾಂತ್ಯದ ಸಾಕು, ಯಾಮಾಗಾತ ಪ್ರಾಂತ್ಯದ ಯೊನೆಝಾವಾ ಊರುಗಳು ಗೆಂಡೆ ಸಾಕಣೆಗೇ ಹೆಸರಾದವು. ಸುಶಿಯ ಹಳೆಯ ರೂಪವೂ ಸಿಹಿನೀರಿನದೇ. ಬಿವಾ ಸರೋವರದ ಫುನಾ ಎಂಬ, ಗೆಂಡೆಯ ದಾಯಾದಿ ಮೀನನ್ನು ಉಪ್ಪಿನಲ್ಲಿಟ್ಟು, ಆಮೇಲೆ ಅನ್ನದೊಳಗೆ ಹುದುಗಿಸಿ ತಿಂಗಳುಗಟ್ಟಲೆ ಹುಳಿ ಬರಿಸುವುದು ಅಲ್ಲಿನ ಕ್ರಮ. ವಾಸನೆಗೆ ಅಂಜದವರಿಗೆ ಮಾತ್ರ ಅದು ರುಚಿ.

ಮನೆಯಲ್ಲಿ ಮಾಡಬಹುದಾದದ್ದು ಕೊಯಿಕೊಕು, ಅಂದರೆ ಗೆಂಡೆಯ ಮಿಸೋ ಸಾರು. ಮೀನನ್ನು ಮೂಳೆಸಮೇತ ದಪ್ಪ ತುಂಡುಗಳಾಗಿ ಕತ್ತರಿಸಿ, ಶುಂಠಿ ಹಾಕಿ ಸಣ್ಣ ಉರಿಯಲ್ಲಿ ಒಂದೆರಡು ಗಂಟೆ ಬೇಯಿಸಿ, ಮಿಸೋ ಬೆರೆಸುವುದು ಸ್ಥೂಲ ವಿಧಾನ. ಮಿಸೋ ಎಂದರೆ ಸೋಯಾ ಕಾಳನ್ನು ಉಪ್ಪು ಮತ್ತು ಬೂಷ್ಟು ಕಟ್ಟಿಸಿದ ಅಕ್ಕಿಯೊಂದಿಗೆ ಹುದುಗಿಸಿದ ಮುದ್ದೆ. ಉಪ್ಪು ಅದರಲ್ಲೇ ಇರುವುದರಿಂದ ಬೇರೆ ಹಾಕುವಾಗ ಕೈ ಬಿಗಿ ಹಿಡಿಯಬೇಕು. ಮೀನು ಸ್ವಚ್ಛ ಮಾಡುವಾಗ ಪಿತ್ತಕೋಶ ಒಡೆಯಬಾರದೆಂಬುದು ನಮ್ಮ ಅಡುಗೆಯವರಿಗೂ ಗೊತ್ತು. ಗೆಂಡೆಯ ಪಿತ್ತ ಬರೀ ಕಹಿಯಲ್ಲ, ವಿಷವೂ ಹೌದು. ಬೇಯಿಸಿದರೂ ಆ ವಿಷ ಹೋಗದು.

ಕೆರೆ ಮೀನನ್ನು ಕೆಲವರು ದೂರ ಇಡುವುದು ಮಣ್ಣಿನ ವಾಸನೆಗೆ. ನೀರಿನಲ್ಲಿ ಬೆಳೆಯುವ ಕೆಲವು ಸೂಕ್ಷ್ಮಜೀವಿಗಳು ಉಂಟುಮಾಡುವ ಜಿಯಾಸ್ಮಿನ್ ಎಂಬ ವಸ್ತು ಮೀನಿನ ಕೊಬ್ಬಿಗೆ ಸೇರುವುದೇ ಇದಕ್ಕೆ ಮುಖ್ಯ ಕಾರಣ. ಹುಳಿ ತಗುಲಿದರೆ ಅದು ಒಡೆದು ವಾಸನೆ ತಗ್ಗುತ್ತದೆ. ಮುದ್ದೆಯ ಜೊತೆಗಿನ ಮೀನು ಸಾರಿಗೆ ಹುಣಸೆ ಕಿವುಚುವ ಕೈಗೆ ಈ ರಸಾಯನಶಾಸ್ತ್ರ ಗೊತ್ತಿಲ್ಲದಿದ್ದರೂ ಫಲ ಗೊತ್ತು. ಜಪಾನೀಯರಲ್ಲಿ ಆ ವಾಸನೆಯನ್ನು ಅಡಗಿಸಲು ಶುಂಠಿ ಮತ್ತು ಮಿಸೋ ಇವೆ. ಹುಳಿಯ ಕೆಲಸ ವಿನಿಗರ್‌ನದು.

ಹಸಿ ಮೀನಿನ ವಿಷಯದಲ್ಲಿ ಮಾತ್ರ ಅನುಕರಣೆ ಬೇಡ. ಗೆಂಡೆಯನ್ನು ತೆಳುವಾಗಿ ಸೀಳಿ, ತಣ್ಣೀರಲ್ಲಿ ತೊಳೆದು ಹಸಿಯಾಗಿಯೇ ತಿನ್ನುವ ರೂಢಿ ಜಪಾನಿನಲ್ಲೂ ಉಂಟು. ಆದರೆ ಸಿಹಿನೀರಿನ ಮೀನಿನ ಮಾಂಸದಲ್ಲಿ ಹುಳುಗಳ ಮರಿಗಳಿರಬಹುದು. ಯಕೃತ್ತಿನ ಪಿತ್ತನಾಳ ಸೇರುವ ಚಪ್ಪಟೆ ಹುಳುವಿನ ಕಾಟ ಆ ದೇಶದಲ್ಲೂ ಹಿಂದೆ ಇತ್ತು. ನಿಂಬೆರಸ, ಉಪ್ಪು, ವಿನಿಗರ್‌ಗಳಿಗೆ ಅವು ಸಾಯುತ್ತವೆಂದು ನಂಬುವಂತಿಲ್ಲ. ಚೆನ್ನಾಗಿ ಬೇಯಿಸುವುದೇ ದಾರಿ. ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಬಂದ ಬಂಗುಡೆಯೂ ಹಸಿಯಾಗಿ ತಿನ್ನಲು ತಕ್ಕುದಲ್ಲ. ದಾರಿಯಲ್ಲಿ ಮಂಜು ಕರಗಿ ಮೀನು ಬೆಚ್ಚಗಾದರೆ ಅದರಲ್ಲಿ ಹಿಸ್ಟಮಿನ್ ಕೂಡುತ್ತದೆ, ತಿಂದವರಿಗೆ ಮೈ ಕೆಂಪಾಗಿ ತುರಿಕೆ ಹತ್ತುತ್ತದೆ. ಹುರಿದರೂ ಅದು ನಾಶವಾಗದು. ಹಾಗಾಗಿ ಕೊಳ್ಳುವಾಗಲೇ ಕಣ್ಣು, ಕಿವಿರು ನೋಡಬೇಕು.

ನಮ್ಮ ನಾಲಿಗೆಗೆ ಬೇಗ ಒಗ್ಗುವುದು ನಾನ್‌ಬಾನ್‌ಝುಕೆ. 16ನೇ ಶತಮಾನದಲ್ಲಿ ಬಂದ ಪೋರ್ಚುಗೀಸರನ್ನು ಜಪಾನೀಯರು ನಾನ್‌ಬಾನ್, ಎಂದರೆ ತೆಂಕಣ ಅನಾಗರಿಕರು, ಎಂದು ಕರೆದರು. ಅವರ ನೆನಪು ಉಳಿದಿರುವ ಈ ಅಡುಗೆಯಲ್ಲಿ ಮೀನಿಗೆ ಹಿಟ್ಟು ಸವರಿ ಕರಿದು, ವಿನಿಗರ್, ಸೋಯಾ ಸಾಸ್, ಸಕ್ಕರೆ, ಒಣಮೆಣಸಿನಕಾಯಿ, ಈರುಳ್ಳಿಯ ರಸದಲ್ಲಿ ಬಿಸಿಬಿಸಿಯಾಗಿಯೇ ನೆನೆಹಾಕುತ್ತಾರೆ. ಸಣ್ಣ ಕೆರೆ ಮೀನಾದರೆ ಎರಡು ಸಲ ಕರಿಯುವುದು ಒಳ್ಳೆಯದು, ಮುಳ್ಳೂ ಗರಿಗರಿಯಾಗುತ್ತದೆ.