ಐವತ್ತು ದಾಟಿದವರಲ್ಲಿ ಎಚ್.ಐ.ವಿ. ಸೋಂಕು: ಗ್ರಾಮ ಮಟ್ಟದಲ್ಲಿ ತಿಳಿದಿರಬೇಕಾದ ಸಂಗತಿಗಳು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಅಧ್ಯಕ್ಷರು, ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಆಶಾ ಕಾರ್ಯಕರ್ತೆಯರು ಮತ್ತು ಗ್ರಾಮ ಆರೋಗ್ಯ, ನೈರ್ಮಲ್ಯ ಹಾಗೂ ಪೌಷ್ಟಿಕತಾ ಸಮಿತಿಗಳ ಗಮನಕ್ಕೆ.

ಎಚ್.ಐ.ವಿ. ಎಂದರೆ ಹರೆಯದವರಿಗೆ ಸಂಬಂಧಿಸಿದ ಕಾಯಿಲೆ ಎಂಬ ಭಾವನೆ ನಮ್ಮ ಗ್ರಾಮಗಳಲ್ಲಿ ಬೇರೂರಿದೆ. ಗೋಡೆಬರಹ, ಬೀದಿ ನಾಟಕ, ಕಾಲೇಜು ಕಾರ್ಯಕ್ರಮಗಳೆಲ್ಲ ಯುವಜನರನ್ನೇ ಉದ್ದೇಶಿಸಿರುವುದರಿಂದ ಹೀಗಾಗಿರುವುದು ಸಹಜ. ಆದರೆ ವೈರಾಣುವಿಗೆ ವಯಸ್ಸಿನ ಭೇದವಿಲ್ಲ. ಐವತ್ತು ದಾಟಿದವರಲ್ಲಿ ಸೋಂಕು ತಡವಾಗಿ ಪತ್ತೆಯಾಗುತ್ತಿರುವುದಕ್ಕೆ ವೃದ್ಧಾಪ್ಯಕ್ಕಿಂತ ಹೆಚ್ಚಾಗಿ ಪರೀಕ್ಷೆ ಮಾಡಿಸದಿರುವುದೇ ಕಾರಣ. ಈ ಲೋಪವನ್ನು ಗ್ರಾಮ ಮಟ್ಟದಲ್ಲಿಯೇ ಸರಿಪಡಿಸಲು ಸಾಧ್ಯವಿದೆ.

ಸೋಂಕಿತ ಹಿರಿಯರು ಯಾರು?

ಇವರಲ್ಲಿ ಎರಡು ಬಗೆಯವರಿದ್ದಾರೆ. ಮೊದಲನೆಯವರು ಚಿಕಿತ್ಸೆಯ ಬಲದಿಂದ ದೀರ್ಘಕಾಲ ಬದುಕಿದವರು. ಭಾರತದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈ ನಗರದಲ್ಲಿ. ಸರ್ಕಾರದ ಉಚಿತ ಎ.ಆರ್.ಟಿ. ಚಿಕಿತ್ಸೆ ಆರಂಭವಾದದ್ದು 2004ರ ಏಪ್ರಿಲ್ 1ರಂದು. ಅಂದು ನಲವತ್ತರ ವಯಸ್ಸಿನಲ್ಲಿ ಮಾತ್ರೆ ಆರಂಭಿಸಿದವರು ಇಂದು ಅರವತ್ತು ದಾಟಿದ್ದಾರೆ. ಇದು ಆರೋಗ್ಯ ವ್ಯವಸ್ಥೆಯ ಯಶಸ್ಸು. ಉಚಿತ ಚಿಕಿತ್ಸೆ ಬರುವುದಕ್ಕೆ ಮುಂಚೆಯೇ ಪತಿಯನ್ನು ಕಳೆದುಕೊಂಡು, ಒಂಟಿಯಾಗಿ ಮಕ್ಕಳನ್ನು ಬೆಳೆಸಿದ ಮಹಿಳೆಯರೂ ಈ ಗುಂಪಿನಲ್ಲಿದ್ದಾರೆ.

ಎರಡನೆಯವರು ಐವತ್ತರ ನಂತರ ಸೋಂಕಿಗೆ ಒಳಗಾದವರು, ಇಲ್ಲವೇ ಬಹಳ ಹಿಂದೆಯೇ ತಗುಲಿದ್ದ ಸೋಂಕು ಐವತ್ತರ ನಂತರವಷ್ಟೇ ಪತ್ತೆಯಾದವರು. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಅಥವಾ ಮುಟ್ಟು ನಿಂತ ಮೇಲೆ ಗರ್ಭಧಾರಣೆಯ ಭಯವಿಲ್ಲವಾದ್ದರಿಂದ ದಂಪತಿಗಳು ನಿರೋಧ್ ಬಳಸುವುದಿಲ್ಲ. ಮುಟ್ಟು ನಿಂತ ಮಹಿಳೆಯರಲ್ಲಿ ಜನನಾಂಗದ ಒಳಪೊರೆ ತೆಳುವಾಗುವುದರಿಂದ ಸೋಂಕು ತಗುಲುವ ಸಾಧ್ಯತೆಯೂ ಹೆಚ್ಚು. ಚಿತ್ರದುರ್ಗ ಮತ್ತು ಹಿರಿಯೂರಿನ ಮೂಲಕ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಮಳೆಯಾಶ್ರಿತ ಬೇಸಾಯ ಕೈಕೊಟ್ಟ ವರ್ಷಗಳಲ್ಲಿ ಕೂಲಿಗಾಗಿ ಬೆಂಗಳೂರಿನಂತಹ ನಗರಗಳಿಗೆ ಹೋಗಿ, ವಯಸ್ಸಾದ ಮೇಲೆ ಊರಿಗೆ ಮರಳುವವರೂ ಇದ್ದಾರೆ. ಇದನ್ನು ಯಾವುದೇ ವೃತ್ತಿಯವರ ಅಥವಾ ವಲಸೆ ಹೋದವರ ಮೇಲಿನ ಅಪವಾದವೆಂದು ಭಾವಿಸಬಾರದು. ದೀರ್ಘಕಾಲ ಮನೆಯಿಂದ ದೂರವಿದ್ದವರಿಗೆ ಪರೀಕ್ಷೆಯ ಅವಕಾಶ ತಲುಪಬೇಕೆಂಬುದಷ್ಟೇ ಇಲ್ಲಿನ ಆಶಯ.

ಪತ್ತೆ ತಡವಾಗುವುದೇಕೆ?

ಗರ್ಭಿಣಿಯರಿಗೆ ತಪಾಸಣೆಯ ವೇಳೆ ಎಚ್.ಐ.ವಿ. ಪರೀಕ್ಷೆ ನಡೆಯುತ್ತದೆ. ಕ್ಷಯರೋಗಿಗಳಿಗೂ ನಡೆಯುತ್ತದೆ. ಆದರೆ ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಅರವತ್ತರ ಹಿರಿಯರಿಗೆ ಈ ಪರೀಕ್ಷೆಯ ಮಾತನ್ನೇ ಯಾರೂ ಎತ್ತುವುದಿಲ್ಲ. ಸಮೀಕ್ಷೆಗಳಲ್ಲಿಯೂ ಇದೇ ಸ್ಥಿತಿ. 2005-06 ಮತ್ತು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ ಎಚ್.ಐ.ವಿ. ಪರೀಕ್ಷೆಗೆ ಒಳಪಟ್ಟವರು 15ರಿಂದ 49 ವರ್ಷದ ಮಹಿಳೆಯರು ಮತ್ತು 15ರಿಂದ 54 ವರ್ಷದ ಪುರುಷರು ಮಾತ್ರ. ಲೆಕ್ಕಕ್ಕೆ ಬಾರದವರು ಗಮನಕ್ಕೂ ಬರುವುದಿಲ್ಲ.

ಲಕ್ಷಣಗಳೂ ದಾರಿ ತಪ್ಪಿಸುತ್ತವೆ. ತೂಕ ಇಳಿಯುವುದು, ತಿಂಗಳುಗಟ್ಟಲೆ ಬಿಟ್ಟುಬಿಟ್ಟು ಬರುವ ಜ್ವರ, ನಿಲ್ಲದ ಭೇದಿ, ಬಾಯಿಯಲ್ಲಿ ಬಿಳಿಯ ಪದರ, ಸರ್ಪಸುತ್ತು, ಮರೆವು ಇವನ್ನು ಕಂಡಾಗ ಮನೆಯವರು ‘ವಯಸ್ಸಾಯಿತು’ ಎನ್ನುತ್ತಾರೆ. ಇಲ್ಲವೇ ಸಕ್ಕರೆ ಕಾಯಿಲೆಯ ಮೇಲೆ ಹೊರಿಸುತ್ತಾರೆ. ಅಷ್ಟರಲ್ಲಿ ರೋಗನಿರೋಧಕ ಶಕ್ತಿಯ ಅಳತೆಯಾದ ಸಿ.ಡಿ.4 ಕಣಗಳ ಸಂಖ್ಯೆ ಕುಸಿದಿರುತ್ತದೆ. ಹಿರಿಯರಲ್ಲಿ ಈ ಕಣಗಳು ಬೇಗ ಕುಸಿಯುತ್ತವೆ, ಚಿಕಿತ್ಸೆಯ ನಂತರವೂ ನಿಧಾನವಾಗಿ ಚೇತರಿಸಿಕೊಳ್ಳುತ್ತವೆ. ಆದುದರಿಂದ ಯುವಜನರಿಗಿಂತ ಹಿರಿಯರಿಗೆ ವಿಳಂಬವು ಹೆಚ್ಚು ಅಪಾಯಕಾರಿ.

ಚಿಕಿತ್ಸೆ ಹೇಗೆ?

2017ರಿಂದ ಸಿ.ಡಿ.4 ಸಂಖ್ಯೆ ಎಷ್ಟೇ ಇರಲಿ, ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ಲಭ್ಯವಿದೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳು ಸೇರಿದ ಒಂದೇ ಮಾತ್ರೆಯನ್ನು ಬಹುತೇಕರು ದಿನಕ್ಕೊಮ್ಮೆ ಸೇವಿಸಿದರೆ ಸಾಕು. ಔಷಧವು ಜಿಲ್ಲಾ ಆಸ್ಪತ್ರೆಯ ಎ.ಆರ್.ಟಿ. ಕೇಂದ್ರದಲ್ಲಿ ಉಚಿತ. ಆರು ತಿಂಗಳ ನಂತರ ರಕ್ತದಲ್ಲಿರುವ ವೈರಾಣುವಿನ ಪ್ರಮಾಣವನ್ನು ಅಳೆಯಲಾಗುತ್ತದೆ. ಅದು ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ, ಆ ವ್ಯಕ್ತಿಯಿಂದ ಸಂಗಾತಿಗೆ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಮೊಮ್ಮಕ್ಕಳನ್ನು ಎತ್ತಿಕೊಳ್ಳುವುದರಿಂದ, ಒಂದೇ ಹಾಸಿಗೆಯಲ್ಲಿ ಮಲಗಿಸಿಕೊಳ್ಳುವುದರಿಂದ ಎಂದೂ ಹರಡುವುದಿಲ್ಲ.

ಹಿರಿಯರು ಸಾಮಾನ್ಯವಾಗಿ ಇತರ ಮಾತ್ರೆಗಳನ್ನೂ ಸೇವಿಸುತ್ತಿರುವುದರಿಂದ ಮೂರು ಎಚ್ಚರಿಕೆಗಳು ಅಗತ್ಯ. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆ ಮತ್ತು ಹೊಟ್ಟೆಯುರಿಯ ಔಷಧಗಳು ಡೊಲುಟೆಗ್ರಾವಿರ್ ದೇಹಕ್ಕೆ ಸೇರುವುದನ್ನು ತಡೆಯುತ್ತವೆ, ಎ.ಆರ್.ಟಿ. ಮಾತ್ರೆಯನ್ನು ಅವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಸೇವಿಸಬೇಕು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇದರೊಂದಿಗೆ ಸೇರಿದಾಗ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ವೈದ್ಯರು ಅದರ ಅಳತೆಯನ್ನು ಸರಿಹೊಂದಿಸಬೇಕಾಗುತ್ತದೆ. ಟೆನೊಫೊವಿರ್ ಕೆಲವರ ಮೂತ್ರಪಿಂಡ ಮತ್ತು ಮೂಳೆಗಳ ಮೇಲೆ ಪರಿಣಾಮ ಬೀರುವುದರಿಂದ ನಿಯತವಾಗಿ ರಕ್ತ ಪರೀಕ್ಷೆ ಮಾಡಿಸಬೇಕು. ಆದ್ದರಿಂದ ಸೇವಿಸುತ್ತಿರುವ ಎಲ್ಲಾ ಮಾತ್ರೆಗಳನ್ನೂ, ನಾಟಿ ಔಷಧಿಯನ್ನೂ ವೈದ್ಯರಿಗೆ ತೋರಿಸಬೇಕು. ಯಾವುದನ್ನೂ ತಾವಾಗಿಯೇ ನಿಲ್ಲಿಸಬಾರದು.

ಗೋಪ್ಯತೆ ಕಾನೂನಿನ ವಿಷಯ

ಹಿರಿಯರನ್ನು ಪರೀಕ್ಷೆಯಿಂದ ದೂರವಿಡುವ ಬಹುದೊಡ್ಡ ಕಾರಣ ಕಾಯಿಲೆಯ ಭಯವಲ್ಲ, ಊರಿಗೆ ತಿಳಿದರೆ ಮಕ್ಕಳ, ಮೊಮ್ಮಕ್ಕಳ ಸಂಬಂಧಕ್ಕೆ ಅಡ್ಡಿಯಾದೀತೆಂಬ ಭಯ. ಎಚ್.ಐ.ವಿ. ಮತ್ತು ಏಡ್ಸ್ (ತಡೆ ಹಾಗೂ ನಿಯಂತ್ರಣ) ಅಧಿನಿಯಮ, 2017 ಇದನ್ನು ಗಮನದಲ್ಲಿಟ್ಟಿದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಈ ಕಾಯ್ದೆಯಂತೆ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಒಪ್ಪಿಗೆಯಿಲ್ಲದೆ ಫಲಿತಾಂಶವನ್ನು ಬಹಿರಂಗಪಡಿಸುವಂತಿಲ್ಲ; ಉದ್ಯೋಗ, ಚಿಕಿತ್ಸೆ, ವಸತಿಗಳಲ್ಲಿ ತಾರತಮ್ಯ ಮಾಡುವಂತಿಲ್ಲ. ಪಂಚಾಯಿತಿ ಸದಸ್ಯರಿಗಾಗಲಿ, ಸಿಬ್ಬಂದಿಗಾಗಲಿ ಇದರಿಂದ ವಿನಾಯಿತಿಯಿಲ್ಲ.

ಗ್ರಾಮ ಮಟ್ಟದಲ್ಲಿ ವಹಿಸಬೇಕಾದ ಕ್ರಮಗಳು

1. ಗ್ರಾಮ ಸಭೆ ಮತ್ತು ಆರೋಗ್ಯ ಶಿಬಿರಗಳಲ್ಲಿ, ಐವತ್ತು ದಾಟಿದವರೂ ಎಚ್.ಐ.ವಿ. ಪರೀಕ್ಷೆ ಮಾಡಿಸಿಕೊಳ್ಳಬಹುದೆಂಬುದನ್ನು ಸ್ಪಷ್ಟವಾಗಿ ತಿಳಿಸುವುದು. ಯಾವುದೇ ವ್ಯಕ್ತಿಯನ್ನು ಅಥವಾ ಕೇರಿಯನ್ನು ಗುರುತಿಸಿ ಮಾತನಾಡಬಾರದು.

2. ತಿಂಗಳು ಮೀರಿದ ಜ್ವರ, ಭೇದಿ ಅಥವಾ ತೂಕ ಇಳಿಕೆಯಿರುವ ಹಿರಿಯರನ್ನು ಆಶಾ ಕಾರ್ಯಕರ್ತೆಯರು ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ಎಚ್.ಐ.ವಿ. ಪರೀಕ್ಷೆಯ ಸಲಹೆಯನ್ನು ವೈದ್ಯರು ಅಥವಾ ಆಪ್ತಸಮಾಲೋಚಕರು ಏಕಾಂತದಲ್ಲಿ ನೀಡುವುದು ಸೂಕ್ತ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆಯಲ್ಲಿ ಕಾಣದಿರಬಹುದಾದ್ದರಿಂದ, ಸಂಶಯವಿದ್ದಲ್ಲಿ ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ.

3. ಪಿಂಚಣಿ, ಪಡಿತರ, ವಸತಿ ಫಲಾನುಭವಿಗಳ ಪಟ್ಟಿಗಳಲ್ಲಿ, ಸಭಾ ನಡವಳಿಗಳಲ್ಲಿ ಅಥವಾ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಯಾರ ಕಾಯಿಲೆಯ ವಿವರವನ್ನೂ ನಮೂದಿಸಬಾರದು.

4. ಹೊಸದುರ್ಗ, ಹೊಳಲ್ಕೆರೆ ಹಾಗೂ ಹಿರಿಯೂರಿನ ಒಳಗ್ರಾಮಗಳಿಂದ ಜಿಲ್ಲಾ ಕೇಂದ್ರಕ್ಕೆ ಬಂದುಹೋಗಲು ಒಂದು ದಿನದ ಕೂಲಿ ತಪ್ಪುತ್ತದೆ. ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಉಚಿತ ಪ್ರಯಾಣ ಹಾಗೂ ಸಾರಿಗೆ ಬಸ್ಸುಗಳಲ್ಲಿ ಅರವತ್ತು ದಾಟಿದ ಪುರುಷರಿಗೆ ರಿಯಾಯಿತಿ ಇರುವುದನ್ನು ಎಲ್ಲಾ ಹಿರಿಯರಿಗೂ ತಿಳಿಸುವುದು. ಆರೋಗ್ಯ ಸ್ಥಿರವಾಗಿರುವವರು ಒಂದಕ್ಕಿಂತ ಹೆಚ್ಚು ತಿಂಗಳ ಮಾತ್ರೆ ಒಮ್ಮೆಲೇ ಪಡೆಯುವ ಬಗ್ಗೆ ಎ.ಆರ್.ಟಿ. ಕೇಂದ್ರದಲ್ಲಿ ವಿಚಾರಿಸಬಹುದು.

5. ಅರ್ಹ ಹಿರಿಯರಿಗೆ ವೃದ್ಧಾಪ್ಯ ವೇತನ, ವಿಧವಾ ವೇತನ ಅಥವಾ ಸಂಧ್ಯಾ ಸುರಕ್ಷಾ ಯೋಜನೆಯ ಅರ್ಜಿ ಸಲ್ಲಿಸಲು ನೆರವಾಗುವುದು. ಹಸಿದ ಹೊಟ್ಟೆಯಲ್ಲಿ ಮಾತ್ರೆಯ ಶಿಸ್ತು ಉಳಿಯುವುದು ಕಷ್ಟ.

ಹೆಸರು ಹೇಳದೆಯೇ ಮಾಹಿತಿ ಪಡೆಯಲು 1097 ಉಚಿತ ದೂರವಾಣಿಗೆ ಕರೆ ಮಾಡಬಹುದು. ಪರೀಕ್ಷೆ ಮತ್ತು ಆಪ್ತಸಮಾಲೋಚನೆ ಸರ್ಕಾರಿ ಆಸ್ಪತ್ರೆಗಳ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಈ ಮಾಹಿತಿಯನ್ನು ಪಂಚಾಯಿತಿ ಸೂಚನಾ ಫಲಕದಲ್ಲಿ ಹಿರಿಯರಿಗೂ ಕಾಣುವಂತೆ ದಪ್ಪ ಅಕ್ಷರಗಳಲ್ಲಿ ಪ್ರದರ್ಶಿಸಲು ಕೋರಲಾಗಿದೆ.